ಕೊನೆಯ ಕಂತಿನ ಭಾನುವಾರ

ನಮ್ಮೂರಿನಲ್ಲಿ ಶನಿವಾರ ಮಲಗಿ ಸೋಮವಾರ ಏಳುವವರು ಓಣಿಗೆ ನಾಲ್ಕೈದು ಮಂದಿಯಾದರೂ ಸಿಗುತ್ತಾರೆ. ಊರಿನ ಸಾಲದಲ್ಲಿ ಓದಿದವರು ಅವರು. ಓದಿಗೆಂದು ಊರು ಕೊಟ್ಟ ಸಾಲವನ್ನು ಭಾನುವಾರಗಳಲ್ಲಿ ತೀರಿಸಬೇಕು ಅನ್ನುವುದು ಇಲ್ಲಿಯ ಪದ್ಧತಿ. ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ಕಡಿತ ಶುರು. ಶನಿವಾರ ಉಂಡು ದಿಂಬಿಗೆ ತಲೆ ಕೊಟ್ಟರೆ ಆಯಿತು, ಮತ್ತೆ ಕಣ್ಣು ಬಿಡುವಾಗ ಸೋಮವಾರದ ಹಾಲಿನವನು ಬಾಗಿಲಲ್ಲಿ ನಿಂತು ಕೂಗುತ್ತಿರುತ್ತಾನೆ. ನಡುವಿನ ದಿನ ಎಲ್ಲಿಗೆ ಹೋಯಿತು, ಯಾರು ತಗೊಂಡರು ಎಂದು ಸಣ್ಣ ಮಕ್ಕಳು ಮಾತ್ರ ಕೇಳುತ್ತಾರೆ. ದೊಡ್ಡವರಿಗೆ ಅದಕ್ಕೆಲ್ಲ ಪುರಸೊತ್ತಿಲ್ಲ.

ಇಂಥವರನ್ನು ನಾವು ಕಟ್ಟುವವರು ಅನ್ನುತ್ತೇವೆ. ಕಟ್ಟುವವರಿದ್ದ ಮನೆಯಲ್ಲಿ ಭಾನುವಾರ ಕಸ ಗುಡಿಸುವಾಗ ಅವರನ್ನು ಹಾಸಿಗೆ ಸಮೇತ ಗೋಡೆಯ ಕಡೆಗೆ ಎಳೆದು, ಗುಡಿಸಿ, ಮತ್ತೆ ಇದ್ದಲ್ಲಿಗೇ ಎಳೆಯುತ್ತಾರೆ. ನೊಣ ಕೂರದ ಹಾಗೆ ಮುಖದ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸುತ್ತಾರೆ. ಮನೆಗೆ ಬಂದ ಬೀಗರು ಮೊದಲು ಪಿಸುಗುಟ್ಟಿ, ಇವರು ಹೇಗೂ ಏಳುವುದಿಲ್ಲ ಎಂದು ನೆನಪಾದ ಮೇಲೆ ಗಟ್ಟಿಯಾಗಿಯೇ ನಗುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು, "ಹುಡುಗಿ ಕಟ್ತಾಳೇನ್ರೀ? ಇನ್ನೂ ಎಷ್ಟು ವರ್ಷ ಐತಿ?" ಎಂದು ವಿಚಾರಿಸುತ್ತಾರೆ. ಮತ್ತೆ ಆ ಮಲಗುವಿಕೆ ನಿದ್ದೆ ಅಂದುಕೊಳ್ಳಬೇಡಿ. ಎದ್ದಾಗ ಮೈ ಹಗುರಾಗಿರುವುದಿಲ್ಲ. ಶನಿವಾರದ ದಣಿವನ್ನೇ ಹೆಗಲ ಮೇಲೆ ಹೊತ್ತುಕೊಂಡು ಸೋಮವಾರಕ್ಕೆ ಇಳಿಯುತ್ತಾರೆ. ವರ್ಷಗಟ್ಟಲೆ ಹಾಗೆ ಇಳಿದವರ ಮುಖದಲ್ಲಿ ಒಂದು ಬಣ್ಣ ಬರುತ್ತದೆ, ಹಲವು ಸಲ ಒಗೆದ ಬಟ್ಟೆಯಂಥದು. ದೂರದಿಂದಲೇ ಗುರುತು ಹಿಡಿಯಬಹುದು.

ನಾನು ಓದಿದವನಲ್ಲ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ಎದುರು ಮನೆಯ ನೀಲಾಂಬಿಕಾ ನಮ್ಮೂರಿನ ದನದ ಡಾಕ್ಟರು. ಊರವರೆಲ್ಲ ಡಾಕ್ಟರವ್ವ ಅನ್ನುತ್ತಾರೆ. ಅವರ ಓದು ಉದ್ದವಾದ್ದರಿಂದ ಸಾಲವೂ ಉದ್ದವಾಗಿತ್ತು. ಮಗಳು ಚಿನ್ಮಯಿ ಹುಟ್ಟಿದ ವಾರವೂ ಕಡಿತ ನಿಲ್ಲಲಿಲ್ಲ. ಆ ಭಾನುವಾರ ಕೂಸಿಗೆ ಮೊಲೆಯೂಡಿಸಿದವಳು ನನ್ನ ಹೆಂಡತಿ. ಅವಳ ಮಡಿಲಲ್ಲೂ ಆಗ ನಮ್ಮ ಕೊನೆಯ ಮಗ ಇದ್ದ. ಹಾಗಾಗಿ ಎರಡೂ ಮನೆಗಳಿಗೆ ನಡುವೆ ರಸ್ತೆಯೊಂದನ್ನು ಬಿಟ್ಟರೆ ಬೇರೆ ಅಡ್ಡವಿಲ್ಲ, ಮತ್ತು ನಾನು ಹೇಳುತ್ತಿರುವುದರಲ್ಲಿ ಕಂಡದ್ದು ಅರ್ಧ, ಗಿರಣಿಯ ಕಟ್ಟೆಯ ಮೇಲೆ ಕೂತು ಡಾಕ್ಟರವ್ವ ತಾವೇ ಹೇಳಿದ್ದು ಅರ್ಧ.

ಅವರ ಗಂಡ ಮಹಾರುದ್ರನದು ಸೈಕಲ್ ರಿಪೇರಿ ಅಂಗಡಿ. ಅವನಿಗೂ ಓದಿನ ಸಾಲವಿಲ್ಲ. ಹೀಗಾಗಿ ಭಾನುವಾರ ಎಂದರೆ ಆ ಮನೆಯಲ್ಲಿ ಅಪ್ಪ ಮಗಳ ದಿನ. ಅವತ್ತು ಇಬ್ಬರೂ ಏನು ತಿನ್ನುತ್ತಾರೆ, ಯಾವ ಹಾಡು ಹಾಡುತ್ತಾರೆ, ಯಾತಕ್ಕೆ ಜಗಳವಾಡುತ್ತಾರೆ, ಒಂದೂ ನೀಲಾಂಬಿಕಾಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಗಿರ್ಮಿಟ್ಟಿನ ಚುರುಮುರಿ ಎರಡು ಕಾಳು ಬಿದ್ದಿರುವುದು ಕಂಡರೆ, ನಿನ್ನೆ ಇವರು ಗಿರ್ಮಿಟ್ಟು ಮಾಡಿಕೊಂಡರು ಎಂದು ಅಂದಾಜು ಮಾಡಿಕೊಳ್ಳುತ್ತಿದ್ದರು. ಮಗಳು ಬೆಳೆದು ಖೋ ಖೋ ಆಡತೊಡಗಿದಳು. ಕಾಲು ಚುರುಕು, ನಡ ಬಳ್ಳಿಯ ಹಾಗೆ ತಿರುಗುತ್ತಿತ್ತು, ಊರಿನ ಹುಡುಗಿಯರ ತಂಡಕ್ಕೆ ಸೇರಿದಳು. ಪಂದ್ಯಗಳೆಲ್ಲ ಭಾನುವಾರವೇ, ಬೇರೆ ದಿನ ಶಾಲೆ. ತಾಯಿ ನೋಡಿದ್ದು ಮಗಳ ಸೋಮವಾರದ ಮೊಣಕಾಲನ್ನು ಮಾತ್ರ. ತರಚಿದ್ದರೆ ಅರಿಶಿನ ಹಚ್ಚುತ್ತಿದ್ದರು. ದನಕ್ಕೆ ಹಚ್ಚುವ ಮುಲಾಮು ಒಮ್ಮೆ ಹಚ್ಚಲು ಹೋಗಿ ಮಗಳ ಕೈಲಿ ಬೈಸಿಕೊಂಡಿದ್ದರು.

ಆ ವರ್ಷ ಚಿನ್ಮಯಿ ಶಾಲೆ ಮುಗಿಸುವವಳಿದ್ದಳು. ಆಮೇಲೆ ತಂಡದಲ್ಲಿ ಜಾಗವಿಲ್ಲ. ಸುತ್ತಲಿನ ಊರುಗಳ ತಂಡಗಳೆಲ್ಲ ಸೇರುವ ದೊಡ್ಡ ಪಂದ್ಯ ನಮ್ಮೂರ ಮೈದಾನದಲ್ಲೇ ಗೊತ್ತಾಯಿತು. ಅದೇ ಅವಳ ಕೊನೆಯ ಆಟ. ನೀಲಾಂಬಿಕಾ ಲೆಕ್ಕ ಹಾಕಿದರು. ಅವರ ಸಾಲದಲ್ಲಿ ಇನ್ನು ಉಳಿದಿದ್ದದ್ದು ಮೂರೇ ಭಾನುವಾರ. ನಾಲ್ಕನೆಯದು ಪಂದ್ಯ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಇಂಥ ಸರಿಯಾದ ಜೋಡಣೆ ಬಂದಿರಲಿಲ್ಲವಂತೆ. ಆ ದಿನ ಗಿರಣಿಗೆ ಜೋಳ ತಂದಿದ್ದ ಡಾಕ್ಟರವ್ವ ಅದೇ ಗುಂಗಿನಲ್ಲಿ ಬೀಸಿದ ಹಿಟ್ಟನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದರು.

ಆದರೆ ಸಾಲ ತೀರಿತು ಅಂದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಋಣದ ಆಫೀಸಿನವರು ಎಲ್ಲರ ಲೆಕ್ಕ ನೋಡುವುದು ವರ್ಷಕ್ಕೆ ಒಮ್ಮೆ, ಯುಗಾದಿಯ ಹೊತ್ತಿಗೆ. ಅಲ್ಲಿಯ ತನಕ ತಾನಾಗಿ ಆಗುವ ಕಡಿತ ತಾನಾಗಿಯೇ ಆಗುತ್ತಿರುತ್ತದೆ. ಹೆಚ್ಚು ಹೋದದ್ದನ್ನು ವಾಪಸ್ ಕೊಡುತ್ತಾರೆ, ಕೊಡುವುದಿಲ್ಲ ಅಂತಲ್ಲ. ಹೇಗೆ ಕೊಡುತ್ತಾರೆ ಅನ್ನುವುದನ್ನು ಜುಲೇಖಾ ಟೀಚರ್ ಅವರನ್ನು ಕೇಳಬೇಕು.

ಜುಲೇಖಾ ಟೀಚರ್ ನಮ್ಮ ಓಣಿಯ ತುದಿಯಲ್ಲಿದ್ದಾರೆ. ಅವರು ಸಾಲ ತೀರಿದ್ದನ್ನು ಗಮನಿಸದೆ ಯುಗಾದಿಯ ತನಕ ಮಲಗಿಬಿಟ್ಟರು. ಮರುವರ್ಷ ಹೆಚ್ಚಿನ ಭಾನುವಾರಗಳು ಒಂದೊಂದಾಗಿ ವಾಪಸ್ ಬಂದವು. ಒಂದು ಬುಧವಾರ ಮುಗಿದು ಗುರುವಾರ ಹುಟ್ಟುವ ಮೊದಲು ಅವರಿಗೊಬ್ಬರಿಗೇ ಒಂದು ಇಡೀ ದಿನ ಸಿಕ್ಕಿತು. ಬಿಸಿಲಿತ್ತು, ಗಾಳಿ ಇತ್ತು, ನಲ್ಲಿಯಲ್ಲಿ ನೀರಿತ್ತು. ಊರು ಮಾತ್ರ ಮಲಗಿತ್ತು. ಗಂಡ, ಸೊಸೆ, ಮೊಮ್ಮಕ್ಕಳು, ಬೀದಿಯ ನಾಯಿಗಳು ಎಲ್ಲವೂ ಇದ್ದಲ್ಲೇ ಉಸಿರಾಡುತ್ತ ಬಿದ್ದಿದ್ದವು. ಮೊದಲ ಸಲ ಅವರು ಶಾವಿಗೆ ಪಾಯಸ ಮಾಡಿ ಎಲ್ಲರ ತಲೆಯ ಹತ್ತಿರ ಒಂದೊಂದು ಬಟ್ಟಲು ಇಟ್ಟರಂತೆ. ಎರಡನೆಯ ಸಲ ಬಸ್ ನಿಲ್ದಾಣದ ತನಕ ನಡೆದು ಬಂದರಂತೆ. ಮೂರನೆಯ ಸಲ ಬಾಗಿಲು ಹಾಕಿಕೊಂಡು ಅತ್ತರಂತೆ. ಆಫೀಸಿಗೆ ಹೋಗಿ, "ಉಳಿದದ್ದು ನನಗ ಬ್ಯಾಡ್ರೀ, ನೀವ ಇಟಗೊಳ್ರಿ" ಅಂದರೆ, ವಾಪಸ್ ಕೊಟ್ಟದ್ದನ್ನು ವಾಪಸ್ ತಗೊಳ್ಳುವ ಪದ್ಧತಿ ಇಲ್ಲ ಅಂದರು.

ನೀಲಾಂಬಿಕಾ ಹೋಗಿ ಟೀಚರ್ ಹತ್ತಿರ ಕೂತಾಗ ಅವರು ಸೊಪ್ಪು ಸೋಸುತ್ತಿದ್ದರು. ತಲೆಯೆತ್ತದೆಯೇ ಹೇಳಿದರು, "ಈಗಿಂದೀಗ ಹೋಗಿ ತಾನಾಗಿ ಕಡಿಯೋದು ತೆಗೆಸಿಬಿಡು ನೀಲಾ. ಕಡೀ ವರ್ಷದಾಗ ಕೈಯಿಂದ ಕಟ್ಟಾಕ ಬರ್ತೈತಿ. ಯಾರೂ ನಮಗ ಹೇಳೂದಿಲ್ಲ, ನಾವ ಕೇಳಬೇಕು. ನಾ ಕೇಳಲಿಲ್ಲ."

ಋಣದ ಆಫೀಸಿನ ಗುಮಾಸ್ತ ಕೊಟ್ರಯ್ಯ ತಾನೂ ಕಟ್ಟುವವನೇ. ಅವನ ಮುಖದಲ್ಲೂ ಅದೇ ಒಗೆದ ಬಣ್ಣ. ಡಾಕ್ಟರವ್ವ ಹೇಳಿದ್ದನ್ನೆಲ್ಲ ಕೇಳಿ, ಆಕಳಿಸಿ, ಒಂದು ಅರ್ಜಿ ಮುಂದಿಟ್ಟ.

"ಕೈಪಾವತಿ ಮಾಡ್ತೀರಂದ್ರ ಮಾಡ್ರಿ. ಆದ್ರ ಪ್ರತಿ ಶನಿವಾರ ದೀಪ ಹಚ್ಚೂದರಾಗ ಇಲ್ಲಿಗೆ ಬಂದು ಕೊಡಬೇಕು. ಒಂದು ಸಲ ತಪ್ಪಿದ್ರ ಮುಂದಿನ ವಾರಕ್ಕ ಹೋಗತೈತಿ, ಅಡ್ಡಿಯಿಲ್ಲ. ಎರಡನೇ ಸಲ ತಪ್ಪಿದ್ರ ಹಳೇ ಕಡಿತಕ್ಕ ವಾಪಸ್. ಆಮೇಲೆ ಯುಗಾದಿ ತನಕ ನಂಗೇನೂ ಮಾಡಾಕ ಬರೂದಿಲ್ಲ."

"ತಪ್ಪೂದಿಲ್ರೀ," ಅಂದರು ನೀಲಾಂಬಿಕಾ.

"ಎಲ್ಲಾರೂ ಹಂಗ ಅಂತಾರ್ರೀ," ಅಂದ ಕೊಟ್ರಯ್ಯ, ಕೊಂಕಿನಿಂದಲ್ಲ, ಸುಸ್ತಿನಿಂದ.

ಮೊದಲ ಶನಿವಾರ ಹೋಗಿ ಕೊಟ್ಟು ಬಂದರು. ಮೇಜಿನ ಮೇಲೆ ಒಂದು ಹಿತ್ತಾಳೆಯ ತಟ್ಟೆ ಇದೆ. ಅದರ ಮೇಲೆ ಅಂಗೈ ಇಟ್ಟು 'ಕೊಟ್ಟೆ' ಎನ್ನಬೇಕು, ಅಷ್ಟೇ. ಅಷ್ಟನ್ನು ಹೇಳಲು ಅವರಿಗೆ ಬಹಳ ಕಷ್ಟವಾಯಿತಂತೆ. "ಇಷ್ಟು ವರ್ಷ ಅವರು ತಗೊಳ್ತಿದ್ರು, ನಾ ಸುಮ್ಮನ ಮಲಗ್ತಿದ್ದೆ. ಈಗ ನನ್ನ ಬಾಯಿಲೇ ಕೊಟ್ಟೆ ಅನ್ನೂದು ಅಂದ್ರ ಎದಿ ಹಿಂಡತೈತಿ ನೋಡ್ರಿ ಅಣ್ಣಾರ," ಎಂದು ನನ್ನ ಹತ್ತಿರ ಹೇಳಿದರು. ಆ ಸೋಮವಾರ ಅವರು ಎಂದಿಗಿಂತ ಹೆಚ್ಚು ದಣಿದಿದ್ದರು. ಉಳಿದದ್ದು ಎರಡು.

ಎರಡನೆಯ ಶನಿವಾರ ಮಧ್ಯಾಹ್ನ ಯಲ್ಲವ್ವ ಓಡುತ್ತ ಬಂದಳು. ಊರ ಹೊರಗಿನ ಸುಣ್ಣದ ಭಟ್ಟಿಯ ಹತ್ತಿರ ಒಬ್ಬಳೇ ಇರುವ ಹೆಂಗಸು. ಅವಳಿಗಿರುವುದು ಒಂದು ಎಮ್ಮೆ. ಅದು ಬೆಳಗಿನಿಂದ ನೋವು ತಿನ್ನುತ್ತಿತ್ತು, ಕರು ಹೊರಗೆ ಬರುತ್ತಿರಲಿಲ್ಲ. ನಮ್ಮೂರ ದನಗಳಿಗೆ ಭಾನುವಾರ ಡಾಕ್ಟರಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಶನಿವಾರ ಕಳೆದರೆ ಎಮ್ಮೆಯ ಆಸೆ ಬಿಟ್ಟ ಹಾಗೆಯೇ. ನೀಲಾಂಬಿಕಾ ಚೀಲ ತಗೊಂಡು ಹೋದರು. ಹೋಗುವಾಗ ನನ್ನ ಗಿರಣಿಯ ಗಡಿಯಾರ ನೋಡಿಕೊಂಡೇ ಹೋದರು.

ಕರುವಿನ ತಲೆ ಹಿಂದಕ್ಕೆ ಹೊರಳಿತ್ತು. ಮೊಣಕೈಯ ಮೇಲಿನ ತನಕ ತೋಳು ಒಳಗೆ ಹಾಕಿ ಅದರ ಮೂತಿ ಹುಡುಕಬೇಕು. ಸಿಕ್ಕಿದ್ದು ಮತ್ತೆ ಜಾರುತ್ತದೆ. ಎಮ್ಮೆ ತಿಣುಕಿದಾಗಲೆಲ್ಲ ಒಳಗಿರುವ ತೋಳು ಒನಕೆಗೆ ಸಿಕ್ಕಂತೆ ಜಜ್ಜಿಹೋಗುತ್ತದೆ. ಹೊತ್ತು ಇಳಿಯತೊಡಗಿತು. ಭಟ್ಟಿಯ ಹೊಗೆ ಕೆಂಪಾಯಿತು. ಯಲ್ಲವ್ವ ಎಮ್ಮೆಯ ಕೋಡು ಹಿಡಿದುಕೊಂಡು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಒಮ್ಮೆ ಅವಳು ಆಕಾಶ ನೋಡಿ, "ಡಾಕ್ಟರವ್ವಾ, ನಿಮಗ ಆಫೀಸಿಗೆ ಹೋಗೂದಿತ್ತಲ್ರೀ?" ಎಂದಳು. ಊರಿಗೆಲ್ಲ ಅವರ ಲೆಕ್ಕ ಗೊತ್ತಿತ್ತು.

"ನೀ ಬಿಗಿಯಾಗಿ ಹಿಡಕೋ," ಅಂದರು ನೀಲಾಂಬಿಕಾ.

ಕರು ಹೊರಬಂದಾಗ ಅದರಲ್ಲಿ ಜೀವವಿರಲಿಲ್ಲ. ಎಮ್ಮೆ ಉಳಿಯಿತು. ಅದು ತನ್ನ ಸತ್ತ ಕರುವನ್ನು ನೆಕ್ಕುತ್ತಿದ್ದಾಗ ಯಲ್ಲವ್ವ ಬಿಸಿನೀರು ತಂದು ಡಾಕ್ಟರವ್ವನ ತೋಳನ್ನು ಭುಜದಿಂದ ಬೆರಳಿನ ತನಕ ತಾನೇ ತೊಳೆದಳು. ಊರಲ್ಲಿ ದೀಪ ಹತ್ತಿ ಬಹಳ ಹೊತ್ತಾಗಿತ್ತು.

ಮನೆಗೆ ಬಂದವರು ಊಟವನ್ನೂ ಮಾಡದೆ ಬಿದ್ದುಕೊಂಡರು. ಎಚ್ಚರವಾದಾಗ ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಬಂದಿತ್ತು. ಗಂಡ ಮಗಳು ಇಬ್ಬರೂ ಇರಲಿಲ್ಲ. ಪಕ್ಕದೂರಿಗೆ ಅಭ್ಯಾಸಕ್ಕೆ ಹೋಗಿದ್ದರು. ತಡವಾಯಿತೆಂದು ಗಡಬಡಿಸಿ ಸ್ನಾನ ಮಾಡಿ, ಬಾವು ಬಂದ ತೋಳನ್ನು ಹೇಗೋ ತೂರಿಸಿ ರವಿಕೆ ತೊಟ್ಟು, ದವಾಖಾನೆಗೆ ಹೋದರು. ಬಾಗಿಲಿಗೆ ಬೀಗ. ಹಾದಿಯಲ್ಲಿ ಹೆಂಗಸರು ಕಟ್ಟೆಯ ಮೇಲೆ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಗಂಡಸರು ಮುಖಕ್ಕೆ ಸಾಬೂನು ಹಚ್ಚಿಕೊಂಡು ಹಜಾಮರ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರೂ ಇವರನ್ನು ನೋಡಿ ಮಾತು ನಿಲ್ಲಿಸಿದರು. ನಾನು ಗಿರಣಿಯ ಎದುರು ನಿಂತಿದ್ದೆ.

"ಡಾಕ್ಟರವ್ವಾ, ನೀವು ಹ್ಯಾಂಗ ಎದ್ರೀ?" ಎಂದು ಕೇಳಿದೆ. ಕೇಳಬಾರದಿತ್ತು ಎಂದು ಅವರ ಮುಖ ನೋಡಿದ ಮೇಲೆ ಅನಿಸಿತು. ಅವರು ಸುತ್ತ ನೋಡಿದರು. ರಸ್ತೆಯ ನಡುವೆ ಹುಡುಗರು ಗೋಲಿ ಆಡುತ್ತಿದ್ದರು. ಮಾಂಸದ ಅಂಗಡಿಯ ಮುಂದೆ ಸಾಲು ನಿಂತಿತ್ತು.

"ಇವತ್ತ ಭಾನುವಾರೇನ್ರೀ?" ಅಂದರು.

ವರ್ಷಗಟ್ಟಲೆ ಕಾದು ಕೈಗೆ ಬಂದ ಮೊದಲ ಭಾನುವಾರವನ್ನು ನೀಲಾಂಬಿಕಾ ಮನೆಯ ಹೊಸ್ತಿಲ ಮೇಲೆ ಕೂತು ಕಳೆದರು. ಬೇಡದ ಭಾನುವಾರ. ಇದು ಇಲ್ಲಿ ಸಿಕ್ಕಿದ್ದಕ್ಕೆ ಅದು ಅಲ್ಲಿ ಹೋಗುತ್ತದೆ ಎಂದು ಅವರಿಗೆ ತಿಳಿದಿತ್ತು. ಉಳಿದ ಎರಡರಲ್ಲಿ ಒಂದು ಮುಂದಿನ ವಾರ, ಇನ್ನೊಂದು ಪಂದ್ಯದ ದಿನ. ನನ್ನ ಹೆಂಡತಿ ರೊಟ್ಟಿ ಪಲ್ಯ ಒಯ್ದು ಕೊಟ್ಟಳು. ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಈ ಸಲ ಅದು ನಿಜವಾದ ನಿದ್ದೆ. ಸಂಜೆ ಮಗಳು ಬಂದು ಅಲುಗಾಡಿಸಿದಾಗ ಎದ್ದರು. ಚಿನ್ಮಯಿ ಅವ್ವ ಭಾನುವಾರ ಕಣ್ಣು ಬಿಡುವುದನ್ನು ಕಂಡು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳಂತೆ. ಅದನ್ನು ಹೇಳುವಾಗ ಡಾಕ್ಟರವ್ವ ನಕ್ಕರು. ಆದರೆ ಆ ಎರಡು ಹೆಜ್ಜೆ ಅವರ ಮನಸ್ಸಿನಿಂದ ಹೋಗಿರಲಿಲ್ಲ ಎಂದು ನನಗೆ ಗೊತ್ತಾಯಿತು.

ಮುಂದಿನ ಶನಿವಾರ ತಪ್ಪದೆ ಹೋಗಿ ಕೊಟ್ಟರು. ಉಳಿದದ್ದು ಒಂದೇ. ಪಂದ್ಯದ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಗುರುವಾರ ಉಣ್ಣುವಾಗ ಗಂಡನಿಗೆ ಹೇಳಿದರು, "ನಾ ಈ ಶನಿವಾರ ಆಫೀಸಿಗೆ ಹೋಗಂಗಿಲ್ರೀ."

ಮಹಾರುದ್ರ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದ. "ಹೋಗದಿದ್ರ ಹಳೇ ಕಡಿತಕ್ಕ ಹಾಕ್ತಾರಲ್ಲ. ಯುಗಾದಿ ತನಕ."

"ಹಾಕಲಿ. ಹೆಚ್ಚು ಹೋದ್ರ ಹೋಗಲಿ. ನಂಗೊಂದು ದಿನ ಬೇಕು."

"ಆಮ್ಯಾಲ ವಾಪಸ್ ಬಂದಾಗ? ಟೀಚರಂಗ ಒಬ್ಬಾಕೀನ ಊರು ತಿರಗ್ತೀಯೇನು?"

"ತಿರಗ್ತೀನಿ," ಎಂದರು ನೀಲಾಂಬಿಕಾ. ದನಿಯಲ್ಲಿ ಹಟವೂ ಇರಲಿಲ್ಲ, ಬರೀ ದಣಿವಿತ್ತು. "ಎಲ್ಲಾರೂ ಮಲಗಿರ್ತೀರಿ. ನಾನೂ ಮಲಗ್ತೀನಿ. ಏನಾಗತೈತಿ?"

ಮಹಾರುದ್ರ ತುತ್ತನ್ನು ತಾಟಿಗೆ ಇಳಿಸಿ ಕೈ ತೊಳೆದ. ಮರುದಿನ ಅಂಗಡಿಗೆ ಅರ್ಧ ಬಾಗಿಲು ಎಳೆದು ಎಲ್ಲಿಗೋ ಹೋಗಿ ಬಂದ. ಸಂಜೆ ಹೆಂಡತಿಯ ಮುಂದೆ ನಿಂತು, ಸೈಕಲ್ಲಿನ ಗ್ರೀಸು ಹತ್ತಿದ ಕೈಗಳನ್ನು ಬಟ್ಟೆಗೆ ಒರೆಸುತ್ತ ಹೇಳಿದ, "ಕೊಟ್ರಯ್ಯನ್ನ ಕೇಳಿ ಬಂದೀನಿ. ಕಡೀ ಕಂತು ಮನಿಯವರು ಯಾರರೆ ಕೊಡಬಹುದಂತ. ಅವರ ಮ್ಯಾಲ ಸಾಲ ಇರಬಾರದು ಅಷ್ಟ. ನಾ ಕೊಡ್ತೀನಿ."

"ಬ್ಯಾಡ್ರೀ. ಸಾಲ ನಂದು."

"ಹೌದು, ನಿಂದು. ಅದರಾಗ ಉಂಡಾವ ನಾನು."

"ಆಕೀ ಕಡೀ ಆಟ ನೀವು ನೋಡಬೇಕು. ನಿಮಗ ಆಕಿ ಆಟ ಅಂದ್ರ ಜೀವ."

"ನಾ ಎಲ್ಲಾ ನೋಡೀನಲ್ಲ ನೀಲಾ," ಅಂದ ಮಹಾರುದ್ರ. "ಒಂದು ಬಿಟ್ರ ನಂಗ ಕಡಿಮಿ ಆಗೂದಿಲ್ಲ. ನೀ ಒಂದೂ ನೋಡಿಲ್ಲ."

ಅವರು ಎಷ್ಟು ಬೇಡವೆಂದರೂ ಅವನು ಕೇಳಲಿಲ್ಲ. ಶನಿವಾರ ಸಂಜೆ ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಆಫೀಸಿಗೆ ಹೋದುದನ್ನು ನಾನು ನೋಡಿದೆ. ಹಿತ್ತಾಳೆಯ ತಟ್ಟೆಯ ಮೇಲೆ ಅಂಗೈ ಇಟ್ಟು ಮಹಾರುದ್ರ ಊರಿಗೇ ಕೇಳುವ ಹಾಗೆ 'ಕೊಟ್ಟೆ' ಎಂದನಂತೆ. ಕೊಟ್ರಯ್ಯ, "ಸಣ್ಣಗ ಅಂದ್ರೂ ನಡೀತೈತ್ರೀ" ಎಂದನಂತೆ. ಆಮೇಲೆ ಡಾಕ್ಟರವ್ವನ ಕಡೆ ತಿರುಗಿ, "ಮುಗೀತ್ರೀ. ಒಂದೂ ಹೆಚ್ಚು ಹೋಗಿಲ್ಲ, ಒಂದೂ ಕಡಿಮಿ ಇಲ್ಲ. ಹಿಂಗ ಸರಿಯಾಗಿ ಮುಗಿಸಿದವರನ್ನ ನಾ ಬಾಳ ಮಂದೀನ ನೋಡಿಲ್ಲ" ಎಂದು ಕೈ ಮುಗಿದನಂತೆ. ಸಾಲ ತೀರಿದವರಿಗೆ ಏನಾಗುತ್ತದೆ ಎಂದು ನೀಲಾಂಬಿಕಾ ಬಹಳ ವರ್ಷ ಯೋಚಿಸಿದ್ದರು. ಏನೂ ಆಗಲಿಲ್ಲ. ಹೊರಗೆ ಬಂದು ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂತು ಗಂಡನ ಬೆನ್ನಿಗೆ ಹಣೆ ಹಚ್ಚಿದರು, ಅಷ್ಟೇ.

ಮನೆಯಲ್ಲಿ ಮಹಾರುದ್ರನಿಗೆ ಹೆದರಿಕೆ ಶುರುವಾಯಿತು. ಅಷ್ಟು ದೊಡ್ಡ ಆಳು, ಹಾಸಿಗೆಯನ್ನು ನೋಡುತ್ತ ನಿಂತ. "ನೋವಾಗತೈತೇನ?" ಎಂದು ಕೇಳಿದ. ಇಲ್ಲ ಎಂದರು ಹೆಂಡತಿ. ಹೊಟ್ಟೆ ತುಂಬ ಉಣ್ಣಬೇಡಿ, ಅಂಗಿಯ ಗುಂಡಿ ಬಿಚ್ಚಿ, ಬಲಮಗ್ಗುಲಿಗೆ ಮಲಗಿ, ಇಲ್ಲದಿದ್ದರೆ ಸೋಮವಾರ ಎಡಗೈ ಜೋಮು ಹಿಡಿದಿರುತ್ತದೆ ಎಂದು ಒಂದೊಂದಾಗಿ ಕಲಿಸಿದರು. ಇಷ್ಟು ವರ್ಷದಲ್ಲಿ ಅವರು ಯಾರಿಗೂ ಕಲಿಸದೆ ಇಟ್ಟುಕೊಂಡಿದ್ದ ವಿದ್ಯೆ ಅದು. ಅವನು ದಿಂಬಿಗೆ ತಲೆ ಕೊಟ್ಟು, "ಆಕೀಗೆ ನೀರಿನ ಬಾಟ್ಲಿ..." ಅನ್ನುವಷ್ಟರಲ್ಲಿ ಹೋಗಿಬಿಟ್ಟ.

ಮರುದಿನ ಮೈದಾನದಲ್ಲಿ ನಾನೂ ಇದ್ದೆ. ನೀಲಾಂಬಿಕಾ ಹೊಸ ಸೀರೆ ಉಟ್ಟು ಬಂದಿದ್ದರು. ಜನ ಅವರಿಗೆ ಜಾಗ ಬಿಟ್ಟರು. ಆದರೆ ಅಲ್ಲಿ ಎಲ್ಲರೂ ಪರಸ್ಪರ ಪರಿಚಿತರು, ಇವರೊಬ್ಬರೇ ಹೊಸಬರು. ದಿನವೂ ಇವರ ಹತ್ತಿರ ದನ ತರುವವರೇ ಇಲ್ಲಿ ಬೇರೆ ಮಂದಿಯ ಹಾಗೆ ನಗುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು. "ರುದ್ರಣ್ಣ ಎಲ್ರೀ? ಅವ ಇಲ್ಲದ ಮ್ಯಾಚೇನು?" ಎಂದು ದಾರಿಯುದ್ದಕ್ಕೂ ಕೇಳಿದರು. ಪ್ರತಿ ಸಲವೂ ಇವರು, "ಮಲಗ್ಯಾರ್ರೀ" ಎಂದು ಹೇಳಬೇಕಾಯಿತು. ಹೇಳುವಾಗ ಆ ಮಾತಿನ ರುಚಿಯೇ ಬೇರೆ ಅನಿಸಿತಂತೆ. ಅಷ್ಟು ವರ್ಷ ಆ ಮಾತನ್ನು ಅವನು ಇವರ ಬಗ್ಗೆ ಹೇಳುತ್ತ ಬಂದಿದ್ದ.

ಸೀಟಿ ಊದಿದರು. ಮೊದಲ ಸರದಿಯಲ್ಲಿ ಓಡುವವರು ನಮ್ಮ ಹುಡುಗಿಯರು. ಮೊದಲು ಒಳಗೆ ಇಳಿದ ಮೂವರಲ್ಲಿ ಚಿನ್ಮಯಿ ಒಬ್ಬಳು. ಇಳಿದವಳೇ ಅವಳು ಗೆರೆಯಾಚೆ, ಎಡಗಡೆಯ ಕಂಬದ ಹತ್ತಿರ ಒಂದು ಸಲ ನೋಡಿದಳು. ಅದು ಮಹಾರುದ್ರ ಯಾವಾಗಲೂ ನಿಲ್ಲುವ ಜಾಗ. ಅಲ್ಲಿ ಯಾರೋ ಕಡಲೆಕಾಯಿ ಮಾರುವವನು ನಿಂತಿದ್ದ. ಆಮೇಲೆ ಅವಳ ಕಣ್ಣು ಜನರ ನಡುವೆ ಹುಡುಕತೊಡಗಿತು. ನೀಲಾಂಬಿಕಾ ಎದ್ದು ಕೈಯೆತ್ತಿದರು. ಮಗಳು ಇವರನ್ನು ಕಂಡಳು, ಕಂಡು ಅರ್ಧ ನಕ್ಕಳು. ಅಷ್ಟರಲ್ಲಿ ಎದುರು ತಂಡದ ಗಿಡ್ಡ ಹುಡುಗಿಯೊಬ್ಬಳು ಖೋ ತಗೊಂಡು ಎದ್ದು ಅವಳ ಬೆನ್ನಿಗೆ ಹೊಡೆದಳು. ಚಿನ್ಮಯಿ ಔಟ್. ಸುತ್ತ ಎಲ್ಲರೂ 'ಅಯ್ಯೋ' ಎಂದರು. ಏನಾಯಿತು ಎಂದು ತಿಳಿಯದ ನೀಲಾಂಬಿಕಾ ಒಬ್ಬರೇ ಚಪ್ಪಾಳೆ ತಟ್ಟಿದರು.

ನನ್ನ ಹೆಂಡತಿ ಅವರ ಕೈ ಹಿಡಿದು ಕೆಳಗೆ ಇಳಿಸಿದಳು.

ಎರಡನೆಯ ಸಲ ಓಡುವ ಸರದಿ ಬಂದಾಗ ಹುಡುಗಿ ಯಾರನ್ನೂ ನೋಡಲಿಲ್ಲ. ಕಂಬ ಸುತ್ತಿ, ನೆಲಕ್ಕೆ ಬಾಗಿ, ಬೆನ್ನಟ್ಟುವವರ ಬೆರಳು ಜಡೆಗೆ ತಾಗುವಷ್ಟು ಹತ್ತಿರ ಬಂದಾಗ ಸಾಲಿನ ನಡುವೆ ನುಸುಳಿ, ಬಹಳ ಹೊತ್ತು ಓಡಿದಳು. ಅಷ್ಟು ಹೊತ್ತೂ ನೀಲಾಂಬಿಕಾ ಉಸಿರಾಡಲಿಲ್ಲ ಎಂದೇ ನನಗೆ ಕಂಡಿತು. ಕೂಗಲೂ ಇಲ್ಲ. ಈ ಸಲ ಕೂಗಬೇಕಾದ ಕಡೆಯೂ ಅವರು ಹೆದರಿ ಸುಮ್ಮನಿದ್ದರು. ಕೊನೆಗೆ ನಮ್ಮವರು ಸೋತರು, ಸ್ವಲ್ಪದರಲ್ಲಿ. ಆಟ ಮುಗಿದ ಮೇಲೆ ಚಿನ್ಮಯಿ ಬಂದು ತಾಯಿಯ ಮುಂದೆ ನಿಂತಳು. ಬೆವರು, ಧೂಳು, ಅಳು ಎಲ್ಲ ಕೂಡಿ ಮುಖ ಕೆಸರಾಗಿತ್ತು. ನೀಲಾಂಬಿಕಾ ಸೆರಗಿನಿಂದ ಒರೆಸಲು ಹೋದರು. "ಹೊಸಾ ಸೀರಿ ಅವ್ವಾ," ಎಂದು ಅವಳು ಮುಖ ಸರಿಸಿದಳು. "ಇರಲಿ ಬಿಡು," ಎಂದು ಇವರು ಒರೆಸಿದರು.

ಮನೆಗೆ ನಡೆಯುವಾಗ ಇಬ್ಬರಿಗೂ ಮಾತು ತೋಚಲಿಲ್ಲ. ಸೋಮವಾರದಿಂದ ಶನಿವಾರದ ತನಕ ಬೇಕಾದಷ್ಟು ಮಾತಾಡುವ ತಾಯಿ ಮಗಳಿಗೆ ಭಾನುವಾರದ ಮಾತು ಗೊತ್ತಿರಲಿಲ್ಲ. ಒಳಗೆ ಮಹಾರುದ್ರ ಬಲಮಗ್ಗುಲಿಗೆ, ಕಲಿಸಿದ ಹಾಗೆಯೇ ಮಲಗಿದ್ದ. ಚಿನ್ಮಯಿ ಕಾಲು ತೊಳೆದು ಬಂದು, ಪೊರಕೆ ತಗೊಂಡು, ಅಪ್ಪನನ್ನು ಹಾಸಿಗೆ ಸಮೇತ ಗೋಡೆಯ ಕಡೆಗೆ ಎಳೆಯಲು ನೋಡಿದಳು. ಭಾರಿ ಆಳು, ಅಲುಗಲಿಲ್ಲ. "ನೀ ಹಗುರಿದ್ದಿ," ಎಂದಳು ತಾಯಿಗೆ. ಇಬ್ಬರೂ ಕೂಡಿ ಎಳೆದರು. ಗುಡಿಸಿ ಮುಗಿಸಿ, ಪೊರಕೆ ಮೂಲೆಗಿಟ್ಟು, ಹುಡುಗಿ ಅಪ್ಪನ ತಲೆಯ ಹತ್ತಿರ ಕಾಲು ಮಡಚಿ ಕೂತಳು.

"ಬಾ ಅವ್ವಾ. ಹೇಳು."

"ಏನು ಹೇಳಲಿ?"

"ಮ್ಯಾಚಿಂದು. ನಿನಗ ನಾವು ಪ್ರತಿ ಸಲಾನೂ ಹೇಳ್ತಿದ್ವಿ. ಮನಿಗೆ ಬಂದ ಕೂಡ್ಲೇ ಅಪ್ಪ ನಿನ್ನ ಬಾಜೂ ಕುಂತು ಮೊದಲಿಂದ ಕಡೀತನಕ ಹೇಳ್ತಿದ್ದ. ನಾ ನಡುವ ನಡುವ ಸೇರಿಸ್ತಿದ್ದೆ. ನಿನಗ ಕೇಳಿಸ್ತಿತ್ತೋ ಇಲ್ಲೋ?"

ನೀಲಾಂಬಿಕಾ ನಿಂತಲ್ಲೇ ನಿಂತರು. ಕೇಳಿಸಿರಲಿಲ್ಲ. ಆ ವರ್ಷಗಳಲ್ಲಿ ಒಂದು ಮಾತೂ ಕಿವಿಯ ತನಕ ಬಂದಿರಲಿಲ್ಲ. ಗಂಡನ ಇನ್ನೊಂದು ಮಗ್ಗುಲಿಗೆ ಹೋಗಿ ಕೂತರು, ಬಾವು ಇನ್ನೂ ಪೂರ್ತಿ ಇಳಿಯದ ತೋಳನ್ನು ಮಡಿಲಲ್ಲಿಟ್ಟುಕೊಂಡರು. ನೊಣವೊಂದು ಅವನ ಹುಬ್ಬಿನ ಮೇಲೆ ಕೂತಿತ್ತು. ಅದನ್ನು ಓಡಿಸಿದರು.

"ಏನ್ರೀ," ಎಂದರು. "ನಿಮ್ಮ ಮಗಳು ಮೊದಲನೇ ಸರದಿಯೊಳಗ ಇಳಿದ್ಲು. ಇಳಿದಾಕೀನ ಔಟಾದ್ಲು."

"ಅಯ್ಯ ಅವ್ವಾ, ಹಂಗಲ್ಲ," ಎಂದಳು ಮಗಳು, ಅಪ್ಪನ ಮೈಮೇಲಿಂದ ಬಾಗಿ. ಅವಳ ಮುಖದಲ್ಲಿ ಅಳುವಿನ ಗೆರೆಗಳು ಇನ್ನೂ ಒಣಗಿರಲಿಲ್ಲ. "ಅಷ್ಟು ಜಲ್ದಿ ಔಟ್ ಮಾಡಬ್ಯಾಡ. ಅಪ್ಪ ಎಂದೂ ನನ್ನ ಅಷ್ಟು ಜಲ್ದಿ ಔಟ್ ಮಾಡಿಲ್ಲ. ನಾವು ಸೋತದ್ದು ಅವ ನಿನಗ ಒಂದು ಸಲಾನೂ ಹೇಳಿಲ್ಲ, ಗೊತ್ತೇನು?"

ನೀಲಾಂಬಿಕಾ ಗಂಡನ ಮುಖ ನೋಡಿದರು. ಹೊರಗೆ ಭಾನುವಾರದ ಮಕ್ಕಳು ಕೂಗಾಡುತ್ತಿದ್ದರು. ಆಮೇಲೆ ಕಾಲು ಮಡಚಿ ನೆಟ್ಟಗೆ ಕೂತು, ಮತ್ತೆ ಮೊದಲಿನಿಂದ ಶುರು ಮಾಡಿದರು.